ರೈಲು ಸಂತೆಯಲ್ಲಿ ನನ್ನದೊಂದು ಮೇಜು

"ಆಟದ ರೈಲು ಮಾರ್ತೀಯಂತೆ, ಹೌದಾ?" ಅಂತ ಊರಿನಿಂದ ಅತ್ತೆ ಫೋನಿನಲ್ಲಿ ಕೇಳುತ್ತಾರೆ. ರೈಲು ಮಾರುವಷ್ಟು ದೊಡ್ಡ ವ್ಯಾಪಾರಿ ನಾನಲ್ಲ. ರೈಲಿನ ಪಕ್ಕ ನಿಲ್ಲುವ ಕಟ್ಟಡಗಳನ್ನು ಮಾರುತ್ತೇನೆ. ತೆಳು ಪ್ಲೈವುಡ್, ರಟ್ಟುಗಳನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿ, ಬಿಡಿ ಭಾಗಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೊಂದು ಚೀಟಿ ಅಂಟಿಸಿದರೆ ನನ್ನ ಸರಕು ತಯಾರು. ಜೋಡಿಸಿ ಬಣ್ಣ ಬಳಿಯುವ ಖುಷಿ ಗಿರಾಕಿಗೆ ಬಿಟ್ಟದ್ದು.

2023ರ ನವೆಂಬರ್ ಕೊನೆಗೆ ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿ ಎಂಬ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ ನಡೆದ ವಾರ್ಲೀ ಮಾದರಿ ರೈಲು ಪ್ರದರ್ಶನದಲ್ಲಿ ನನಗೊಂದು ಮೇಜು ಸಿಕ್ಕಿತ್ತು. ಬ್ರಿಟನ್ನಿನ ಅತಿ ದೊಡ್ಡ ಮಾದರಿ ರೈಲು ಪ್ರದರ್ಶನಗಳಲ್ಲಿ ಅದೂ ಒಂದಾಗಿತ್ತು. ನಡೆಸುತ್ತಿದ್ದದ್ದು ಯಾವ ಕಂಪನಿಯೂ ಅಲ್ಲ, ಒಂದು ಹವ್ಯಾಸಿ ಕ್ಲಬ್. 1993ರಿಂದ ಇದೇ ಎನ್‌ಇಸಿಯಲ್ಲಿ ನಡೆಸಿಕೊಂಡು ಬಂದಿದ್ದರು. ಮಾರನೇ ವರ್ಷದ ಶುರುವಿನಲ್ಲೇ ಇನ್ನು ಮುಂದೆ ನಡೆಸುವುದಿಲ್ಲ ಎಂದುಬಿಟ್ಟರು. ಹಾಗಾಗಿ ನಾನು ಮೇಜು ಹಾಕಿದ್ದೇ ಕೊನೆಯ ಪ್ರದರ್ಶನವಾಯ್ತು. ಆಗ ಅದು ಗೊತ್ತಿರಲಿಲ್ಲ.

ಶುಕ್ರವಾರ ಸಾಮಾನು ಇಳಿಸುವ ದಿನ. ಕಣ್ಣಿಗೆ ಹೊಡೆಯುವ ಹಳದಿ ಜಾಕೆಟ್ ಇಲ್ಲದೆ ಹಾಲ್ ಒಳಗೆ ಕಾಲಿಡುವಂತಿಲ್ಲ. ಮೇಜಿನ ಬಟ್ಟೆ ಬೆಂಕಿ ಹತ್ತದಂಥದ್ದಾಗಿರಬೇಕು. ದೀಪದ ವೈರಿಗೂ ಪರೀಕ್ಷೆ ಮಾಡಿಸಿದ ಚೀಟಿ ಇರಬೇಕು. ನಮ್ಮ ಮನೆಯವರು ಸಾಫ್ಟ್‌ವೇರಿನವರು. ಅವರಿಗೂ ರೈಲಿಗೂ ಇರುವ ನಂಟು ಟಿಕೆಟ್ ಬುಕ್ ಮಾಡುವಷ್ಟೇ. ಆದರೂ ಡಬ್ಬಗಳನ್ನೆಲ್ಲ ಹೊತ್ತು ತಂದು, ಕಾರ್ಡ್ ಯಂತ್ರದ ಮುಂದೆ ಕೂತರು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದದ್ದೇ ತಡ, ಬೆನ್ನಿಗೆ ಚೀಲ ಹಾಕಿಕೊಂಡ ಹಿರಿಯರ ದಂಡು ಒಳಗೆ ನುಗ್ಗಿತು. ನಮ್ಮ ಬೋಣಿ ಮೂರು ಪೌಂಡಿನ ಒಂದು ಪೊಟ್ಟಣ. ಸ್ಟೇಷನ್ ಗೋಡೆಗೆ ತೂಗುಹಾಕುವ ಕೆಂಪು ಬೆಂಕಿ ಬಕೆಟ್‌ಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಗಿರಾಕಿ ಐದರ ನೋಟು ಕೊಟ್ಟರು. ನಾನು ಅದನ್ನು ಕಣ್ಣಿಗೊತ್ತಿಕೊಂಡೆ. ಅವರು ನೋಟು ಅಸಲಿಯೇ ಅಂತ ಸಮಾಧಾನ ಹೇಳಿ ಹೋದರು.

ಆಮೇಲಿನ ತಮಾಷೆ ಬೇರೆ. ಬಂದವರೆಲ್ಲ ಪ್ರಶ್ನೆ ಕೇಳುವುದು ನನ್ನ ಗಂಡನಿಗೆ! "ಈ ಸಿಗ್ನಲ್ ಕ್ಯಾಬಿನ್ ಮಿಡ್‌ಲ್ಯಾಂಡ್ ರೈಲ್ವೆಯದ್ದಾ?" ಅಂದರೆ ಇವರು ಸುಮ್ನೆ ನನ್ನ ಕಡೆ ಬೆರಳು ತೋರಿಸುವರು. ನಾಲ್ಕೂ ಕಡೆ ಇಳಿಜಾರಿನ ಚಾವಣಿ ನೋಡಿ, ಅದು ಮಿಡ್‌ಲ್ಯಾಂಡ್ ಅನ್ನುವ ಹಳೆಯ ರೈಲು ಕಂಪನಿಯ ಗುರುತು ಅಂತ ನಾನು ಶುರು ಮಾಡಿದ ಮೇಲೆ ಅವರ ಮುಖ ನನ್ನತ್ತ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇವರೂ ಚಾವಣಿ ಪಾಠ ಒಪ್ಪಿಸಲು ಶುರುಮಾಡಿದ್ದರು. ಅರ್ಧ ತಪ್ಪು, ಧೈರ್ಯ ಮಾತ್ರ ಪೂರ್ತಿ.

ಇಲ್ಲಿನ ಗಿರಾಕಿಯ ಕಣ್ಣು ಎಂಥದ್ದು ಅಂತ ಹೇಳಲೇಬೇಕು. ಒಬ್ಬರು ಜೇಬಿನಿಂದ ಭೂತಗನ್ನಡಿ ತೆಗೆದು ನನ್ನ ಗೂಡ್ಸ್ ಶೆಡ್ಡಿನ ಗೋಡೆ ನೋಡತೊಡಗಿದರು. ಬಾಗಿಲು ಕಿಟಕಿ ಅವರಿಗೆ ಬೇಕಿರಲಿಲ್ಲ, ಇಟ್ಟಿಗೆ ಸಾಲು ನೋಡುತ್ತಿದ್ದರು. ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದ ಕಾಣಬೇಕು, ಮೇಲಿನ ಸಾಲಿನಲ್ಲಿ ತಲೆ, ಅಂದರೆ ಗಿಡ್ಡ ಬದಿ, ಕಾಣಬೇಕು. ಇದು ಇಂಗ್ಲಿಷ್ ಬಾಂಡ್. ವಿಕ್ಟೋರಿಯಾ ಕಾಲದ ರೈಲ್ವೆಯವರು ಗಟ್ಟಿ ಗೋಡೆಗೆ ಬಳಸುತ್ತಿದ್ದ ಪದ್ಧತಿ. ಎಲ್ಲ ಸಾಲಿನಲ್ಲೂ ಉದ್ದವೇ ಕಂಡರೆ ಅದು ಇಪ್ಪತ್ತನೇ ಶತಮಾನದ ಮನೆಗೋಡೆ, ಉಗಿಬಂಡಿ ಕಾಲದ ಶೆಡ್ಡಿಗೆ ಹೊಂದಲ್ಲ. ನನ್ನ ಅಳತೆಯಲ್ಲಿ, ಅಂದರೆ 76ರಲ್ಲಿ ಒಂದು ಪಾಲಿನಲ್ಲಿ, 65 ಮಿಲಿಮೀಟರ್ ಎತ್ತರದ ಇಟ್ಟಿಗೆ ಒಂದು ಮಿಲಿಮೀಟರಿಗೂ ಕಮ್ಮಿ. ನಡುವಿನ ಗಾರೆ 0.13 ಮಿಲಿಮೀಟರ್. ಲೇಸರ್ ಗೆರೆಯೂ ಹೆಚ್ಚುಕಮ್ಮಿ ಅಷ್ಟೇ ಅಗಲ ಇರುವುದರಿಂದಲೇ ನನ್ನ ಬದುಕು ನಡೆಯುತ್ತಿದೆ. ಅವರು ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆಯೂ ಸಾಲು ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡು, "ಹ್ಞೂಂ" ಅಂದರು. ಕೊಳ್ಳಲಿಲ್ಲ.

ಇನ್ನೊಂದು ಜಗಳ ಹಳಿಯ ಅಗಲದ್ದು. ಯುರೋಪಿನವರು 87ರಲ್ಲಿ ಒಂದು ಪಾಲಿನ ರೈಲನ್ನು 16.5 ಮಿಲಿಮೀಟರ್ ಹಳಿಯ ಮೇಲೆ ಓಡಿಸುತ್ತಾರೆ. ಬ್ರಿಟನ್ನಿನ ಅಸಲಿ ಎಂಜಿನ್ನುಗಳು ಚಿಕ್ಕವು. ಹಿಂದಿನ ಕಾಲದ ಮೋಟಾರು ಆ ಅಳತೆಯ ಮಾದರಿಯಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆ ಎಂಜಿನ್ನನ್ನು 76ರಲ್ಲಿ ಒಂದು ಪಾಲಿಗೆ ದೊಡ್ಡದು ಮಾಡಿದರು, ಹಳಿ ಹಾಗೇ ಬಿಟ್ಟರು. ಲೆಕ್ಕದ ಪ್ರಕಾರ ಹಳಿ 18.83 ಮಿಲಿಮೀಟರ್ ಇರಬೇಕು. ಹಾಗೇ ಇರಲೇಬೇಕು ಅಂತ ಚಕ್ರದಿಂದ ಹಿಡಿದು ಎಲ್ಲವನ್ನೂ ಕೈಯಾರೆ ಮಾಡುವ ಹಟಮಾರಿಗಳಿದ್ದಾರೆ. ಅಕ್ಕಪಕ್ಕ ನಿಂತ ಇಬ್ಬರು ಗಿರಾಕಿಗಳು ನನ್ನ ಮೇಜಿನ ಮುಂದೆಯೇ ವಾದಕ್ಕೆ ಬಿದ್ದರು. ಆದರೆ ಕಟ್ಟಡಕ್ಕೆ ಹಳಿಯ ಚಿಂತೆ ಇಲ್ಲ. ಇಬ್ಬರಿಗೂ ಒಂದೊಂದು ದೀಪದ ಕೋಣೆ ಮಾರಿದೆ. ಸಿಗ್ನಲ್ ದೀಪಗಳ ಸೀಮೆಎಣ್ಣೆ ಇಡುತ್ತಿದ್ದ, ಬೆಂಕಿಯ ಭಯಕ್ಕೆ ಸ್ಟೇಷನ್ನಿನಿಂದ ದೂರ ಕಟ್ಟುತ್ತಿದ್ದ ಪುಟ್ಟ ತಗಡಿನ ಗೂಡು ಅದು.

ಸಂಜೆ ಲೆಕ್ಕ ನೋಡಿದರೆ ಕತೆ ಸ್ಪಷ್ಟ. ಗೂಡ್ಸ್ ಶೆಡ್ಡನ್ನು ಎಲ್ಲರೂ ಹೊಗಳಿದರು, ಫೋಟೋ ತೆಗೆದರು. ದುಡ್ಡು ಬಂದದ್ದು ಬಕೆಟ್, ಬೇಲಿ, ಗ್ಯಾಂಗ್‌ಮನ್ ಗುಡಿಸಲುಗಳಿಂದ. ಹತ್ತು ಪೌಂಡಿನ ಒಳಗಿದ್ದರೆ ಮನೆಯಲ್ಲಿ ಹೆಂಡತಿಗೆ ಲೆಕ್ಕ ಕೊಡಬೇಕಿಲ್ಲ ಅಂತ ಒಬ್ಬರು ಗುಟ್ಟು ಬಿಟ್ಟುಕೊಟ್ಟರು. ಜಾಗದ ಬಾಡಿಗೆ, ವ್ಯಾನು, ಡೀಸೆಲ್ ಕಳೆದ ಮೇಲೆ ಉಳಿಯುವುದೇನಿದ್ದರೂ ಆ ಪೊಟ್ಟಣಗಳದ್ದೇ.

ಹಾಗಾದರೆ ದೊಡ್ಡ ಕಂಪನಿಗಳ ನಡುವೆ ನನ್ನಂಥವರಿಗೆ ಜಾಗ ಎಲ್ಲಿ? ಪ್ಲಾಸ್ಟಿಕ್ ಅಚ್ಚು ಹಾಕಲು ಉಕ್ಕಿನ ಅಚ್ಚಿಗೇ ಹತ್ತಾರು ಸಾವಿರ ಪೌಂಡ್ ಬೇಕು. ಸಾವಿರಗಟ್ಟಲೆ ಮಾರದಿದ್ದರೆ ಅವರಿಗೆ ಗಿಟ್ಟುವುದಿಲ್ಲ. ನನಗೆ ಇಪ್ಪತ್ತು ಮಾರಿದರೂ ಸಾಕು. ಮೇಜಿಗೆ ಬರುವ ಪ್ರತಿಯೊಬ್ಬರೂ ಕೇಳುವುದು ಯಾರೂ ಮಾಡದ ಒಂದು ವಸ್ತುವನ್ನೇ. ಅಜ್ಜ ಕೆಲಸ ಮಾಡಿದ ಕಲ್ಲಿದ್ದಲು ಆಫೀಸು, ಶಾಲೆಗೆ ಹೋಗುವಾಗ ದಾಟುತ್ತಿದ್ದ ಗೇಟಿನ ಮನೆ. ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅದೇ ಮುಂದಿನ ಸರಕು.

ಭಾನುವಾರ ಚೌಕಾಸಿಯವರ ದಿನ. ಮಧ್ಯಾಹ್ನ ಪುಳಿಯೋಗರೆ ಡಬ್ಬ ತೆರೆದು, "ರೀ, ಸ್ವಲ್ಪ ಆ ಕಡೆ ಸರೀರಿ" ಅಂದದ್ದು ಯಾರಿಗೋ ಕೇಳಿಸಿತು.

"ಕನ್ನಡದವರೇನಮ್ಮಾ?"

ಮೊಮ್ಮಗನ ಕೈ ಹಿಡಿದ ಹಿರಿಯರು. ಮಗನ ಮನೆಗೆ ಬಂದಿದ್ದರಂತೆ. ಮೀಟರ್ ಗೇಜ್ ಕಾಲದಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಗಾರ್ಡ್ ಆಗಿದ್ದವರು. ನನ್ನ ಮೇಜನ್ನು ಒಂದು ಸುತ್ತು ನೋಡಿ, ತರಕಾರಿ ವಿಚಾರಿಸಿದಷ್ಟೇ ಸಲೀಸಾಗಿ ಕೇಳಿದರು: "ಎಡಕುಮೇರಿ ಇದೆಯಾ?"

ಘಾಟಿಯ ನಡುವೆ, ಕಾಡಿನಲ್ಲಿ, ರೈಲು ಬಿಟ್ಟರೆ ನಡೆದೇ ಹೋಗಬೇಕಾದ ಸ್ಟೇಷನ್ನು ಅದು. ಇಲ್ಲ ಸರ್, ಫೋಟೋ ಕೊಟ್ಟರೆ ಮಾಡಬಹುದು ಅಂದೆ. ಒಂದೇ ಒಂದು ಮಾಡಲು ಎಷ್ಟಾಗುತ್ತೆ ಅಂತ ಕೇಳಿದರು. ಚಿತ್ರ ಬಿಡಿಸುವ ಕೂಲಿ ಸೇರಿಸಿ ಹೇಳಿದೆ. ಮನಸ್ಸಿನಲ್ಲೇ ನೂರರಿಂದ ಗುಣಿಸಿದ್ದು ಅವರ ಮುಖದಲ್ಲೇ ಕಂಡಿತು.

"ಬೇಡಮ್ಮಾ, ಹೆಸರಿನ ಬೋರ್ಡ್ ಒಂದು ಮಾಡಿದರೆ? ಹಳದಿ, ಮೇಲೆ ಕಪ್ಪು ಅಕ್ಷರ."

"ಮೂರು ಪೌಂಡ್ ಸರ್."

"ಹಾಗಾದ್ರೆ ಎರಡು ಮಾಡಿಡು," ಅಂದರು. "ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ಬೇಕಲ್ವಾ?"