ಗೇಣಿಗಿಂತ ಚಿಕ್ಕ ಕಾರ್ಡ್

2024ರ ಮೇ ತಿಂಗಳು. ಅಕ್ಕನ ಮಗನಿಗೆ ಕಂಪ್ಯೂಟರಿನಲ್ಲಿ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್, ಅಂದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗ, ಬೇಕಿತ್ತು. "ಮಾವ, ಯಾವ ಕಾರ್ಡ್ ಅಂತ ನೋಡಿ ಇಟ್ಟಿದ್ದೇನೆ" ಅಂದ. "ಅದು ಆಮೇಲೆ. ಮೊದಲು ಜಾಗ ಎಷ್ಟಿದೆ ಅಳತೆ ಮಾಡು" ಅಂತ ಟೇಪು ಕೊಟ್ಟೆ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅಕ್ಕನದು ಒಂದು ರೂಮು, ಒಂದು ಅಡುಗೆಮನೆ. ದೊಡ್ಡ ಕ್ಯಾಬಿನೆಟ್ ಇಡಲು ಜಾಗವೇ ಇಲ್ಲ. ಹಾಗಾಗಿ ಇವನದು ಮಿನಿ-ಐಟಿಎಕ್ಸ್, ಅಂದರೆ ಸಣ್ಣ ಮದರ್ಬೋರ್ಡಿನ ಪುಟ್ಟ ಕಂಪ್ಯೂಟರ್. ಬೋರ್ಡ್ 17 ಸೆಂ.ಮೀ. ಚೌಕ, ಕಾರ್ಡಿಗೆ ಇರುವುದು ಒಂದೇ ಸ್ಲಾಟ್. ಟೇಪು ಹಿಡಿದರೆ ಉದ್ದಕ್ಕೆ ಸಿಕ್ಕಿದ್ದು 21 ಸೆಂ.ಮೀ. ಮೂರು ಫ್ಯಾನಿನ ದೊಡ್ಡ ಕಾರ್ಡುಗಳು 30 ಸೆಂ.ಮೀ. ಆಸುಪಾಸು ಇರುತ್ತವೆ. ಉದ್ದ ಒಂದೇ ನೋಡಿದರೂ ಸಾಲದು. ಪವರ್ ಕೇಬಲ್ ಕಾರ್ಡಿನ ಮೇಲಂಚಿಗೆ ಸೇರುತ್ತದೆ. ಅದು ಬಾಗಲು ಜಾಗ ಬಿಡದಿದ್ದರೆ ಪಕ್ಕದ ಮುಚ್ಚಳ ಕೂರುವುದಿಲ್ಲ.

ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆವು, ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಅಂಗಡಿಯವರು ಆರ್‌ಟಿಎಕ್ಸ್ 3060 ಮತ್ತು 4060 ಅನ್ನುವ ಎರಡು ಕಾರ್ಡ್ ಮುಂದಿಟ್ಟರು. ಹುಡುಗನ ಕಣ್ಣು 3060ರ 12 ಜಿಬಿ ಮೆಮೊರಿ ಮೇಲೆ. 4060ರಲ್ಲಿ ಇರುವುದು 8 ಜಿಬಿ. ಅವನ ಆಸೆ ತಪ್ಪಲ್ಲ. ಹೊಸ ಗೇಮುಗಳಲ್ಲಿ ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಪೂರ್ತಿ ಏರಿಸಿದರೆ 8 ಜಿಬಿ ಸಾಲದೆ ಬರಬಹುದು. ಆದರೆ 3060 ಎಳೆಯುವುದು 170 ವ್ಯಾಟ್, 4060ಕ್ಕೆ 115 ಸಾಕು. ಎಳೆದ ವ್ಯಾಟೆಲ್ಲ ಕೊನೆಗೆ ಬಿಸಿಯೇ. ಮುಂಬೈ ಸೆಕೆಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಇಷ್ಟು ಸಣ್ಣ ಡಬ್ಬಿಯೊಳಗೆ ಆ 55 ವ್ಯಾಟ್ ತುಂಬಾ ಜಾಸ್ತಿ. ನಾನು ಗಟ್ಟಿಯಾಗಿ 4060 ಅಂದೆ.

ಸಣ್ಣ ಕಾರ್ಡ್ ಅಂದರೆ ದುರ್ಬಲ ಕಾರ್ಡ್ ಅನ್ನುವವರು ಇನ್ನೂ ಇದ್ದಾರೆ. ನನಗೆ ಎಎಂಡಿ ಕಂಪನಿಯ 2015ರ ಆರ್9 ನ್ಯಾನೋ ಕಾರ್ಡ್ ಈಗಲೂ ಇಷ್ಟ. 15 ಸೆಂ.ಮೀ. ಉದ್ದದ ಕಾರ್ಡ್ 175 ವ್ಯಾಟ್ ತಾಳುತ್ತಿತ್ತು. ಎಎಂಡಿಯವರು ಮೆಮೊರಿಯನ್ನು ಪದರ ಪದರವಾಗಿ ಪೇರಿಸಿ ಚಿಪ್ಪಿನ ಪಕ್ಕದಲ್ಲೇ ಕೂರಿಸಿದ್ದರು. ಸುತ್ತ ಮೆಮೊರಿ ಹರಡುವ ಕೆಲಸವೇ ಇಲ್ಲ, ಹಾಗಾಗಿ ಬೋರ್ಡ್ ಗಿಡ್ಡವಾಯಿತು. ಎಷ್ಟು ಚೆಂದದ ಯೋಚನೆ!

ಗಿಗಾಬೈಟ್‌ನ ಲೋ ಪ್ರೊಫೈಲ್ 4060 ಕೂಡ ನಮ್ಮ ತಲೆಯಲ್ಲಿತ್ತು. 18.2 ಸೆಂ.ಮೀ. ಉದ್ದ, 7 ಸೆಂ.ಮೀ.ಗೂ ಕಡಿಮೆ ಎತ್ತರ, ಮೂರು ಪುಟ್ಟ ಫ್ಯಾನು. ಪುಟ್ಟ ಫ್ಯಾನು ಅಷ್ಟೇ ಗಾಳಿ ಕೊಡಬೇಕಾದರೆ ಜೋರಾಗಿ ತಿರುಗಬೇಕು, ಸದ್ದೂ ಕೀರಲು. ಅಕ್ಕ ಮಲಗುವುದು ಅದೇ ಕೋಣೆಯಲ್ಲಿ. ಅದಕ್ಕೇ 20 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಇದ್ದ, ಎರಡು ದೊಡ್ಡ ಫ್ಯಾನಿನ ಕಾರ್ಡ್ ತಗೊಂಡೆವು. ಒಂದು ವಿಷಯ ಮಾತ್ರ ಕೇಳಿಕೊಂಡೆ: ಬೋರ್ಡ್ ಪಿಸಿಐಇ 4.0 ತಾನೇ? ಪಿಸಿಐಇ ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡುವ ದಾರಿ, ಅದರಲ್ಲಿ 4060 ಬಳಸುವುದು ಎಂಟೇ ಲೇನ್. ಹಳೆಯ 3.0 ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ಇವನದು 4.0, ಚಿಂತೆ ಇರಲಿಲ್ಲ.

ರಾತ್ರಿ ಕೂರಿಸಿದೆವು. ಜಾಲರಿ ಇರುವ ಬದಿಯನ್ನು ಗೋಡೆಯಿಂದ ದೂರ ತಿರುಗಿಸಿದೆವು. ಈ ಕಾರ್ಡ್ ಬಿಸಿಗಾಳಿಯನ್ನು ಹೆಚ್ಚಾಗಿ ಡಬ್ಬಿಯೊಳಗೇ ಬಿಡುತ್ತದೆ, ಅದು ಹೊರಗೆ ಹೋಗಬೇಕಲ್ವಾ? ಗೇಮಿನ ಫ್ರೇಮ್ (ಚಿತ್ರ) ಸೆಕೆಂಡಿಗೆ 60 ದಾಟದಂತೆ ಕಟ್ಟಿದ ಮೇಲೆ ಫ್ಯಾನಿನ ಸದ್ದು ಇನ್ನೂ ಇಳಿಯಿತು. ಜಾಲರಿಯ ಧೂಳು ಆಗಾಗ ಒರೆಸು ಅಂತ ಹುಡುಗನಿಗೆ ಹೇಳಿ ಬಂದೆ. ಅವರ ಬೀದಿಯಲ್ಲಿ ಕಟ್ಟಡದ ಕೆಲಸ ನಿಲ್ಲುವುದೇ ಇಲ್ಲ.