ಬಂದು ಹೋಗಿದ್ದು ಗೊತ್ತೇ ಆಗ್ಲಿಲ್ಲ

ಅವ್ವನ ಬಿಪಿ ಗುಳಿಗಿ ತರಾಕ ಊರ ಸರ್ಕಾರಿ ದವಾಖಾನಿಗೆ ಹೋಗಿದ್ದೆ. ಆಶಾ ಅಕ್ಕ ಸಿಕ್ಕರು. ಮಾತು ಎಲ್ಲಿಂದಲೋ ಕೊರೊನಾಕ್ಕ ಹೊರಳಿತು. "ಮನಿ ಮನಿ ತಿರುಗೀನಿ ತಮ್ಮಾ, ನನಗ ಒಂದಿನಾನೂ ಜ್ವರ ಬರ್ಲಿಲ್ಲ. ಬಂದು ಹೋಗಿದ್ರೂ ಹೋಗಿರಬೇಕು, ಯಾರಿಗ್ಗೊತ್ತು" ಅಂದರು.

ತಮಾಷೆಗೆ ಅಂದದ್ದಾದರೂ ಮಾತಿನಾಗ ಹುರುಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಕ್ತ ಪರೀಕ್ಷೆಯಿಂದ ಹಿಂದಿನ ಸೋಂಕು ಪತ್ತೆಹಚ್ಚಲು ನಡೆಸಿದ ಮೂರನೇ ಸೆರೋ ಸಮೀಕ್ಷೆ (ಡಿಸೆಂಬರ್ 2020 – ಜನವರಿ 2021) ಆರೋಗ್ಯ ಸಿಬ್ಬಂದಿಯ ರಕ್ತವನ್ನೂ ನೋಡಿತ್ತು. ಅವರಲ್ಲಿ ಶೇ 25.7ರಷ್ಟು ಮಂದಿಯಲ್ಲಿ ಪ್ರತಿಕಾಯ, ಅಂದ್ರ ವೈರಾಣು ವಿರುದ್ಧ ಹೋರಾಡಾಕ ದೇಹ ತಯಾರಿಸೋ ಪ್ರೋಟೀನು, ಸಿಕ್ಕಿತು. ಲಸಿಕೆ ಶುರುವಾಗಿದ್ದು ಸಮೀಕ್ಷೆ ಮುಗಿದ ಮೇಲೆ, 2021ರ ಜನವರಿ 16ಕ್ಕೆ, ಅಂದ್ರ ಅವು ಲಸಿಕೆಯವಲ್ಲ, ಸೋಂಕಿನವು. ಸಮೀಕ್ಷೆಯ 70 ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಇತ್ತು.

ಇರಲೇಬೇಕಿತ್ತು ಬಿಡ್ರಿ. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದೇ 2020ರ ಮಾರ್ಚ್‌ನಲ್ಲಿ, ನಮ್ಮೂರಿನ ಹಿರಿಯರದ್ದು. ಅವರನ್ನು ಮನೆಯಲ್ಲಿ ನೋಡಿದ್ದ ವೈದ್ಯರಿಗೂ ಕೆಲವೇ ದಿನಗಳಲ್ಲಿ ಸೋಂಕು ದೃಢಪಟ್ಟಿತ್ತು. ದವಾಖಾನಿ ಮಂದಿಗೆ ಅಪಾಯ ಎಷ್ಟು ಹತ್ತಿರ ಅಂತ ನಮಗೆ ಆಗಲೇ ಕಂಡಿತ್ತು. ಆದರೂ ಆಶಾ ಅಕ್ಕಂದಿರು ಸರ್ಕಾರದ ಲೆಕ್ಕದಲ್ಲಿ ನೌಕರರಲ್ಲ, 'ಕಾರ್ಯಕರ್ತೆ'ಯರು! ಕೊಡೋದು ಗೌರವಧನ, ಪಗಾರ ಅಲ್ಲ.

ಅಕ್ಕ ಈಗ ಟೆಸ್ಟ್ ಮಾಡಿಸಿದರೂ ಉತ್ತರ ಸಿಗೋದು ಕಷ್ಟ. ಪ್ರತಿಕಾಯ ತಿಂಗಳು ಕಳೆದಂತೆ ಇಳೀತಾವ. ಹಳೇ ವೈರಾಣುವಿನ ಗುರುತು ಇಟ್ಕೊಳ್ಳೋ ರೋಗನಿರೋಧಕ ಕೋಶಗಳು (ನೆನಪಿನ ಕೋಶಗಳು) ಅದಕ್ಕಿಂತ ಹೆಚ್ಚು ದಿನ ಉಳಿಯಬಹುದು, ಆದರೆ ಮಾಮೂಲಿ ಟೆಸ್ಟ್‌ಗೆ ಅವು ಕಾಣೋದಿಲ್ಲ. ಮೇಲಾಗಿ ಲಸಿಕೆಯೂ ಆಗ್ಯದ. ಯಾವ್ದು ಯಾವುದರದ್ದು ಅಂತ ಬೇರೆ ಮಾಡೋರು ಯಾರು?