ಹತ್ತೊಂಬತ್ತು, ತೊಂಬತ್ತು

ಆರು ವರ್ಷದ ಮಗಳಿಗೆ ಕೊಪ್ಪಳದ ಮನೆಯಲ್ಲೇ ಪಾಠ ಹೇಳಿಕೊಡಲು ಆರಂಭಿಸಿ ಎಂಟು ತಿಂಗಳಾಯಿತು. ಈ ವಾರವೆಲ್ಲ ನಾನು ಹತ್ತೊಂಬತ್ತು ಎಂದು ಹೇಳಿದರೆ ಅವಳು 90 ಎಂದು ಬರೆದು, ನಾನು ತಿದ್ದಿದಾಗಲೆಲ್ಲ ಕಣ್ಣು ತುಂಬಿಕೊಳ್ಳುತ್ತಿದ್ದಳು. ಹತ್ತೊಂಬತ್ತರ ಮೊದಲಿನ ‘ಹ’ವನ್ನು ಅವಸರದಲ್ಲಿ ನುಂಗಿಬಿಟ್ಟರೆ ಉಳಿಯುವುದು ತೊಂಬತ್ತೇ ಎಂಬುದು ನನಗೆ ತಡವಾಗಿ ಹೊಳೆಯಿತು, ತಪ್ಪು ಅವಳ ಬುದ್ಧಿಯದಲ್ಲ, ನನ್ನ ಉಚ್ಚಾರಣೆಯದು.

ಭಾನುವಾರ ಮುನಿರಾಬಾದಿಗೆ ಹೋಗಿ ತುಂಗಭದ್ರಾ ಅಣೆಕಟ್ಟೆಯನ್ನು ದೂರದಿಂದ ತೋರಿಸಿದೆವು. ಅದಕ್ಕೆ ನೀರು ಹೊರಬಿಡುವ 33 ಕ್ರೆಸ್ಟ್ ಗೇಟುಗಳಿವೆಯೆಂದೂ, 2024ರ ಆಗಸ್ಟ್‌ನಲ್ಲಿ ಸರಪಳಿ ತುಂಡಾಗಿ ಕೊಚ್ಚಿಹೋದದ್ದು ಹತ್ತೊಂಬತ್ತನೆಯದೆಂದೂ ಅವಳ ತಂದೆ ವಿವರಿಸುತ್ತಿದ್ದಾಗ, ಬೆರಳು ಚಾಚಿ ಎಣಿಸುತ್ತಿದ್ದ ಮಗಳು ಥಟ್ಟನೆ ನಿಂತು, “ಮೂವತ್ಮೂರೇ ಅದಾವಲ್ಲವ್ವಾ, ತೊಂಬತ್ತು ಹೆಂಗ ಆಗ್ತೈತಿ?” ಎಂದು ಕೇಳಿದಳು. ಆ ಪ್ರಶ್ನೆ ಅವಳಲ್ಲೇ ಹುಟ್ಟಿದ್ದಕ್ಕೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ರಾತ್ರಿ ಅತ್ತೆಯವರು ಶೇಂಗಾ ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿಸಿ, ಒಂದು ಗುಂಪಿಗೆ ಒಂಬತ್ತು ಬಿಡಿ ಕಾಳು ಸೇರಿದರೆ ಹತ್ತೊಂಬತ್ತು, ಹತ್ತರ ಒಂಬತ್ತು ಗುಂಪುಗಳು ಕೂಡಿದರೆ ತೊಂಬತ್ತು ಎಂದು ಅವಳ ಕೈಯಿಂದಲೇ ಜೋಡಿಸಿ ತೋರಿಸಿದರು. ವಾರವಿಡೀ ಪಾಟಿಯ ಮೇಲೆ ಬರೆಸಿಯೇ ಒತ್ತಾಯಿಸಿದ್ದಕ್ಕೆ ಮನಸ್ಸು ನೊಂದಿತು. ಮುಂದಿನ ವಾರ ಕಳೆಯುವ ಲೆಕ್ಕವನ್ನು ಕಾಳುಗಳಿಂದಲೇ ಆರಂಭಿಸಬೇಕೆಂದುಕೊಂಡಿದ್ದೇನೆ. ಇಂದು ಬೆಳಿಗ್ಗೆ ಬುಟ್ಟಿಯಲ್ಲಿದ್ದ ಜೋಳದ ರೊಟ್ಟಿಗಳನ್ನು ಎಣಿಸಿ, ಯಾರೂ ಹೇಳದೆಯೇ ಪಾಟಿಯ ಮೇಲೆ 19 ಎಂದು ಬರೆದಿಟ್ಟಿದ್ದಾಳೆ; ಅದನ್ನು ಇನ್ನೂ ಒರೆಸಿಲ್ಲ.